ಫೆಂಗ್ ಶೂಯಿ ನೋಡಿ ಮನಿ, ಅಂಗಡಿ, ಆಫೀಸು ಹಸನ ಮಾಡೋದು ಹೆಂಗ: ಮೊದಲು ಯಾವುದು, ಆಮ್ಯಾಲೆ ಯಾವುದು

ಫೆಂಗ್ ಶೂಯಿ ಅಂದ್ರ ಮನಿ, ಅಂಗಡಿ ಸಾಮಾನು ಯಾವ ದಿಕ್ಕಿಗೆ ಹೆಂಗ ಇಡಬೇಕು ಅಂತ ಹೇಳೋ ಚೀನಾದ ಹಳೇ ಪದ್ಧತಿ. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಇದನ್ನ ಮಾಡ್ತೀವಿ ಅಂತ ಹೊರಟ ಮಂದಿ ಬಹಳಷ್ಟು ಒಂದೇ ಜಾಗದಾಗ ಎಡವ್ತಾರ. ಮೊದಲು ಅಂಗಡಿಗೆ ಹೋಗಿ ನಗೋ ಬುದ್ಧ, ಬಾಯಾಗ ನಾಣ್ಯ ಕಚ್ಕೊಂಡಿರೋ ಮೂರು ಕಾಲಿನ ಕಪ್ಪಿ, ಗಾಳಿಗೆ ಸದ್ದು ಮಾಡೋ ಪೈಪಿನ ಗಂಟಿ ತರ್ತಾರ, ತಂದು ಟಿವಿ ಪಕ್ಕ ಇಡ್ತಾರ, ಆದ್ರ ಆ ಟಿವಿ ಹಿಂದ ಕೆಟ್ಟ ಸೆಟ್‌ಟಾಪ್ ಬಾಕ್ಸು, ಗಂಟು ಬಿದ್ದ ವೈರು, ಕೆಂಪು ಧೂಳು ಎಲ್ಲಾ ಹಂಗೇ ಇರ್ತಾವ. ಆರು ತಿಂಗಳ ಆದ ಮ್ಯಾಲೆ ಏನೂ ಆಗ್ಲಿಲ್ಲ, ಇದೆಲ್ಲಾ ಸುಳ್ಳು ಅಂತ ಕೈ ಬಿಡ್ತಾರ.

ತಪ್ಪು ಆಗಿರೋದು ಕ್ರಮದಾಗ. ಫೆಂಗ್ ಶೂಯಿನಾಗ ಗೊಂಬಿ, ಗಂಟಿ ಎಲ್ಲಾ ಕಟ್ಟಕಡಿಗೆ ಬರೋವು. ಮೊದಲು ಬಾಗಲ, ಆಮ್ಯಾಲೆ ಬ್ಯಾಡಾದ ಸಾಮಾನು ಹೊರಗ ಹಾಕೋದು, ಆಮ್ಯಾಲೆ ತೊಳಿಯೋದು ಮತ್ತ ರಿಪೇರಿ, ಅದಾದ ಮ್ಯಾಲೆ ದಿಕ್ಕು ನೋಡೋದು, ಮಂಚ ಒಲಿ ಟೇಬಲ್ ಸರಿಸೋದು, ಬಣ್ಣ ಗಿಡ ಅದಕ್ಕೂ ಆಮ್ಯಾಲೆ. ಈ ಸಾಲು ಹಿಂದ ಮುಂದ ಮಾಡಿದ್ರ ಮಾಡಿದ ಕೆಲಸಾನೇ ಮತ್ತ ಮಾಡಬೇಕಾಗ್ತೈತಿ, ಯಾಕ ಅಂತ ಪ್ರತಿ ಹಂತದಾಗ ಹೇಳ್ತೀನಿ.

ಕೈ ಹಚ್ಚೋಕಿಂತ ಮೊದಲು ತೀರ್ಮಾನ ಆಗಬೇಕಾದವು

ವಾಸ್ತುನೋ ಫೆಂಗ್ ಶೂಯಿನೋ ಅನ್ನೋದು ಮೊದಲೇ ಮನ್ಯಾಗ ಕುಂತು ಮಾತಾಡಿಕೊಳ್ರಿ. ಎರಡೂ ಒಂದೇ ಅಂತ ತಿಳ್ಕೊಂಡ್ರ ಅರ್ಧ ದಾರಿಯಾಗ ಜಗಳ ಗ್ಯಾರಂಟಿ. ವಾಸ್ತುವಿನ ಪಂಚಭೂತ ಅಂದ್ರ ಭೂಮಿ, ನೀರು, ಬೆಂಕಿ, ಗಾಳಿ, ಆಕಾಶ. ಫೆಂಗ್ ಶೂಯಿಯ ಐದು ಧಾತು ಅಂದ್ರ ಮರ, ಬೆಂಕಿ, ಮಣ್ಣು, ಲೋಹ, ನೀರು. ಆಗ್ನೇಯ ಮೂಲಿ ವಾಸ್ತುನಾಗ ಅಗ್ನಿಯದು, ಅಡಗಿ ಮನಿ ಅಲ್ಲೇ ಇರಬೇಕು ಅಂತಾರ, ಫೆಂಗ್ ಶೂಯಿನಾಗ ಅದೇ ಮೂಲಿ ಮರದ್ದು, ಸಂಪತ್ತಿನ ಜಾಗ. ನನ್ನ ಸಲಹಾ ಸರಳ ಐತಿ: ಕಟ್ಟಿದ್ದು ವಾಸ್ತು ಪ್ರಕಾರ ಹೆಂಗೈತೋ ಹಂಗ ಬಿಡ್ರಿ, ಅಂದ್ರ ದೇವರ ಮನಿ, ಅಡಗಿ ಮನಿ, ಬಚ್ಚಲ, ಬೋರ್‌ವೆಲ್. ಕೈಲೆ ಸರಿಸಾಕ ಬರೋದು ಏನೈತಿ, ಮಂಚ, ಬೀರು, ಟೇಬಲ್, ಕನ್ನಡಿ, ಗಿಡ, ಅದಕ್ಕ ಫೆಂಗ್ ಶೂಯಿ ಹಚ್ಚಿರಿ. ಹಿರಿಯರೂ ಒಪ್ಪತಾರ, ಗೋಡಿ ಒಡಿಯೋ ಖರ್ಚೂ ಇಲ್ಲ.

ದಿನ ಯಾವುದು ಅನ್ನೋದೂ ಮುಖ್ಯ. ದಸರಾ ಮುಂಚೆ ಇಲ್ಲಾ ದೀಪಾವಳಿಯಿಂದ ಸಂಕ್ರಾಂತಿ ತನಕ ಒಳ್ಳೇ ಟೈಮು. ಏಪ್ರಿಲ್ ಮೇದಾಗ ನಮ್ಮಲ್ಲಿ 40 ಡಿಗ್ರಿ ದಾಟ್ತೈತಿ, ತಗಡಿನ ಶೀಟಿನ ಕೆಳಗ ಅಟ್ಟ ಹತ್ತಿ ಕುಂತ್ರ ತಲಿ ತಿರುಗಿ ಬೀಳ್ತೀರಿ, ಬ್ಯಾರೆ ದಾರಿ ಇಲ್ಲಂದ್ರ ಮುಂಜಾನೆ ಆರಕ್ಕ ಶುರು ಮಾಡಿ ಹತ್ತಕ್ಕ ನಿಲ್ಲಿಸ್ರಿ. ಮಂಗಳವಾರ, ಶುಕ್ರವಾರ, ಅಮವಾಸ್ಯೆ ದಿನ ಮನಿಯಿಂದ ಸಾಮಾನು ಹೊರಗ ಹಾಕೋದು ಹಿರಿಯರಿಗೆ ಬರೋದಿಲ್ಲ, ದೀಪ ಹಚ್ಚಿದ ಮ್ಯಾಲೆ ಕಸ ಹೊರಗ ಹಾಕೋದಂತೂ ಬ್ಯಾಡೇ ಬ್ಯಾಡ ಅಂತಾರ. ಅವರ ಮಾತು ನಡಸ್ರಿ, ಬುಧವಾರ, ಗುರುವಾರ, ಭಾನುವಾರ ಇದ್ದೇ ಅದಾವ.

ಬೇಕಾಗೋ ಸಾಮಾನು: ಗಟ್ಟಿ ಗೋಣಿ ಚೀಲ ಐದಾರು, ಮಾರ್ಕರ್ ಪೆನ್ನು, ಹಳೇ ಕಾಟನ್ ಬಟ್ಟಿ, ಎರಡು ಬಕೆಟ್, ಉದ್ದ ಕೋಲಿನ ಕಸಬರಗಿ, ಮಾಸ್ಕು, ಅಲ್ಲಾಡದ ಏಣಿ, ಸ್ಕ್ರೂಡ್ರೈವರ್, ಬಾಗಲದ ಕೀಲಿಗೆ ಹಾಕಾಕ ಎಣ್ಣಿ, ಅಳತಿ ಟೇಪು, ಗೆರಿ ಇರೋ ನೋಟ್‌ಬುಕ್, ದಿಕ್ಸೂಚಿ. ಪ್ಲಾಸ್ಟಿಕ್ ಡಬ್ಬಿ, ಹೊಸ ರ‍್ಯಾಕು ಮಾತ್ರ ಈಗ ತರಬ್ಯಾಡ್ರಿ. ಡಬ್ಬಿ ಮೊದಲು ಬಂತಂದ್ರ ಬ್ಯಾಡಾದ ಸಾಮಾನೆಲ್ಲಾ ಅದರೊಳಗ ಹೋಗಿ ಕುಂದರ್ತೈತಿ, ಹೊರಗ ಹೋಗೋದೇ ಇಲ್ಲ.

ಹಂತ 1: ಬಾಗಲ

ಫೆಂಗ್ ಶೂಯಿ ಪ್ರಕಾರ ಚೀ ಅನ್ನೋ ಶಕ್ತಿ ಮನಿಗೆ ಬರೋದು ಮುಂಬಾಗಲದಿಂದ, ಅದಕ್ಕ ಬಾಗಲ ಮನಿಯ ಬಾಯಿ ಅಂತಾರ. ಒಳಗ ಎಷ್ಟು ಚಂದ ಜೋಡಿಸಿದ್ರೂ ಬಾಯಿಗೆ ಬಟ್ಟಿ ತುರುಕಿದ್ರ ಏನು ಬಂತು. ಅದಕ್ಕ ಶುರು ಇಲ್ಲಿಂದನೇ.

ಹೊರಗ ರಸ್ತಾದಾಗ ನಿಂತು ನಿಮ್ಮ ಬಾಗಲ ನೋಡ್ರಿ. ಹೊಸ್ತಿಲ ಮುಂದ ಚಪ್ಪಲಿ ರಾಶಿ, ಪಕ್ಕ ಬೈಕು, ಖಾಲಿ ನೀರಿನ ಕ್ಯಾನು, ಯಾರೋ ಬಿಟ್ಟು ಹೋದ ಸಿಮೆಂಟ್ ಚೀಲ. ಮ್ಯಾಲೆ ಯುಗಾದಿಗೆ ಕಟ್ಟಿದ ಮಾವಿನ ತೋರಣ ಒಣಗಿ ಪುಡಿ ಆಗಿರ್ತೈತಿ, ದೃಷ್ಟಿಗೆ ಅಂತ ಕಟ್ಟಿದ ಬೂದುಗುಂಬಳ ಕೊಳತು ನೀರು ಸೋರ್ತಿರ್ತೈತಿ. ಒಣಗಿದ್ದು, ಕೊಳತಿದ್ದು ಯಾವುದೂ ಬಾಗಲ ಮ್ಯಾಲೆ ಇರಬಾರದು. ಕುಂಬಳಕಾಯಿ ಕಟ್ಟೋದು ಬಿಡ್ರಿ ಅಂತ ನಾ ಹೇಳಂಗಿಲ್ಲ, ಅದು ನಮ್ಮ ನಂಬಿಕಿ, ಆದ್ರ ಅಮವಾಸ್ಯೆಗೊಮ್ಮೆ ನೋಡಿ ಕೆಟ್ಟಿದ್ದು ಬದಲಾಯಿಸ್ರಿ.

ಬಾಗಲ ಪೂರ್ತಿ ತಗೀತೈತೋ ಇಲ್ಲೋ ನೋಡ್ರಿ. ಹಿಂದಿನ ಮೊಳಿಗೆ ಛತ್ರಿ, ಬ್ಯಾಗು, ರೇನ್‌ಕೋಟು, ಹೆಲ್ಮೆಟ್ ತೂಗಾಕಿದ್ರ ಬಾಗಲ ಮುಕ್ಕಾಲೇ ತಗೀತೈತಿ, ಮನ್ಯಾಗಿನ ಮಂದಿ ಅಡ್ಡ ಆಗಿ ನುಸುಳಿ ಬರೋದು ರೂಢಿ ಆಗಿರ್ತೈತಿ. ಅವೆಲ್ಲಾ ತಗೀರಿ. ಕಿರ್ ಅನ್ನೋ ಕೀಲಿಗೆ ಎಣ್ಣಿ ಹಾಕ್ರಿ, ಕೆಟ್ಟ ಬಲ್ಬು ಬದಲಾಯಿಸ್ರಿ, ಹೆಸರಿನ ಬೋರ್ಡು ಒರಸ್ರಿ. ಬಾಗಲ ತಗದ ಕೂಡ್ಲೇ ಎದುರಿಗೆ ಕನ್ನಡಿ ಇದ್ರ ಬ್ಯಾರೆ ಗೋಡಿಗೆ ಹಾಕ್ರಿ, ಬಂದ ಚೀ ವಾಪಸ್ ಹೊರಗ ಹೋಗ್ತೈತಿ ಅನ್ನೋದು ಅದರ ಲೆಕ್ಕ.

ನಮ್ಮ ಹಳೇ ಓಣಿಗಳಾಗ ಇನ್ನೊಂದು ಸಮಸ್ಯಾ ಐತಿ. ಮುಂಬಾಗಲ, ನಡು ಬಾಗಲ, ಹಿತ್ತಲ ಬಾಗಲ ಒಂದೇ ಗೆರಿಯಾಗ ಇರ್ತಾವ, ಮುಂದ ನಿಂತ್ರ ಹಿತ್ತಲ ತುಳಸಿ ಕಟ್ಟಿ ಕಾಣ್ತೈತಿ. ಫೆಂಗ್ ಶೂಯಿ ಇದನ್ನ ಒಪ್ಪಂಗಿಲ್ಲ, ಚೀ ನಿಲ್ಲದಂಗ ಓಡಿ ಹೋಗ್ತೈತಿ ಅಂತೈತಿ. ಕೆಲವರು ಇದನ್ನ ಕೇಳಿ ಹಿತ್ತಲ ಬಾಗಲಕ್ಕ ಇಟ್ಟಂಗಿ ಕಟ್ಟಿ ಮುಚ್ಚಿಬಿಡ್ತಾರ. ದಯವಿಟ್ಟು ಹಂಗ ಮಾಡಬ್ಯಾಡ್ರಿ. ಈ ಬಿಸಲಿನ ಊರಾಗ ಆ ಗಾಳಿ ಬರೋ ದಾರಿನೇ ಮನಿ ತಣ್ಣಗ ಇಡೋದು. ನಡು ಬಾಗಲಕ್ಕ ತೆಳ್ಳಗಿನ ಕಾಟನ್ ಪರದೆ ಹಾಕ್ರಿ, ಬ್ಯಾಸಗಿನಾಗ ಲಾವಂಚದ ತಟ್ಟಿ ಕಟ್ಟಿ ನೀರು ಚಿಮಕಿಸ್ರಿ, ಗಾಳಿ ಬರ್ತೈತಿ, ಓಟನೂ ನಿಧಾನ ಆಗ್ತೈತಿ.

ಹಂತ 2: ಸಾಮಾನು ಬ್ಯಾರೆ ಮಾಡೋದು

ಇದು ಎಲ್ಲಾದಕ್ಕಿಂತ ದೊಡ್ಡ ಹಂತ, ಮಂದಿ ಬಿಟ್ಟು ಓಡೋದೂ ಇಲ್ಲೇ. ಇಡೀ ಮನಿ ಸಾಮಾನು ಒಮ್ಮೆಲೇ ಪಡಸಾಲಿಗೆ ಎಳದು ಹಾಕ್ತಾರ, ಸಂಜಿ ತನಕ ಮುಗಿಯಂಗಿಲ್ಲ, ರಾತ್ರಿ ಮಲಗಾಕ ಜಾಗ ಇರಂಗಿಲ್ಲ, ಎಲ್ಲಾ ಮತ್ತ ಸಿಕ್ಕ ಸಿಕ್ಕಲ್ಲಿ ತುರುಕ್ತಾರ, ಮೊದಲಿಗಿಂತ ಕೆಟ್ಟು ಹೋಗ್ತೈತಿ.

ಒಂದು ದಿನಕ್ಕ ಒಂದೇ ಜಾಗ ಹಿಡೀರಿ. ಅಂದ್ರ ಒಂದು ರೂಮಲ್ಲ, ಒಂದು ಬೀರು, ಒಂದು ಸಜ್ಜಾ, ಒಂದು ಮಂಚದ ಕೆಳಗಿನ ಜಾಗ, ಅಷ್ಟೇ. ಕ್ರಮ ಹಿಂಗಿರ್ಲಿ: ಮೊದಲು ಬಾಗಲ ಪಕ್ಕದ ಶೆಲ್ಫು, ಎರಡನೇದು ಮಂಚದ ಕೆಳಗ, ಮೂರನೇದು ಬೀರು ಒಳಗ ಮತ್ತ ಮ್ಯಾಲೆ, ಆಮ್ಯಾಲೆ ಅಡಗಿ ಮನಿ, ಮೆಟ್ಟಲ ಕೆಳಗ, ಕೊನಿಗೆ ಅಟ್ಟ. ಅಟ್ಟ ಮೊದಲು ಮಾಡಿದ್ರ ಇಳಿಸಿದ್ದು ಇಡಾಕ ಕೆಳಗ ಜಾಗ ಇರಂಗಿಲ್ಲ.

ಗೋಣಿ ಚೀಲದ ಮ್ಯಾಲೆ ಮಾರ್ಕರಿನಾಗ ಬರೀರಿ: ಇರ್ಲಿ, ಗುಜರಿ, ಕೊಡೋದು, ರಿಪೇರಿ, ಕೇಳಬೇಕು. ಈ ಕೊನೇ ಚೀಲ ಭಾಳ ಮುಖ್ಯ. ಮನ್ಯಾಗ ಬ್ಯಾರೆಯವರ ಸಾಮಾನು ನೀವು ಒಬ್ಬರೇ ತೀರ್ಮಾನ ಮಾಡಿ ಹೊರಗ ಹಾಕಬಾರದು. ಅಮ್ಮನ ತವರಿಂದ ಬಂದ ಹಿತ್ತಾಳಿ ಕೊಡ ನಿಮಗ ಜಾಗ ತಿನ್ನೋ ವಸ್ತು, ಅವರಿಗೆ ಅಲ್ಲ. ಕೇಳ್ರಿ, ಇರ್ಲಿ ಅಂದ್ರ ತೊಳದು ಹುಣಸಿ ಹಚ್ಚಿ ತಿಕ್ಕಿ ಎದ್ದು ಕಾಣೋ ಹಂಗ ಇಡ್ರಿ. ಅಟ್ಟದಾಗ ಕಪ್ಪಾಗಿ ಬಿದ್ರ ಅದು ರದ್ದಿ, ಪಡಸಾಲಿಯಾಗ ಹೊಳದ್ರ ಲೋಹ ಧಾತು.

ಬಟ್ಟಿ ವಿಷಯದಾಗ ಒಂದು ಮಾತು. ಹಳೇ ಕಾಟನ್ ಸೀರಿ ಎಲ್ಲಾ ಸ್ಟೀಲ್ ಪಾತ್ರಿಯವರಿಗೆ ಕೊಟ್ಟು ಒಂದು ಬುಟ್ಟಿ ತಗೋಳೋದಕ್ಕಿಂತ ಮೆತ್ತಗಿನವು ಆರಿಸಿ ಕೌದಿ ಹೊಲಸ್ರಿ, ನಮ್ಮ ಕಡೆ ಇನ್ನೂ ಹೊಲಿಯೋ ಹೆಣ್ಮಕ್ಳು ಅದಾರ. ಇದ್ದ ಕೌದಿ, ಗಾದಿ ಎಲ್ಲಾ ಒಂದಿನ ಮಾಳಿಗಿ ಮ್ಯಾಲೆ ಬಿಸಲಿಗೆ ಹಾಕ್ರಿ. ಬಿಸಲು ನಮಗ ಪುಕ್ಕಟ್ಟೆ ಸಿಗ್ತೈತಿ.

ಯಾವ ವಿಚಾರನೂ ಮಾಡದೇ ಹೊರಗ ಹಾಕಬೇಕಾದವು: ನಿಂತ ಗಡಿಯಾರ, ಒಡದ ಕನ್ನಡಿ, ಬಿರುಕು ಬಿಟ್ಟ ಕಪ್ಪು, ಬರೀದ ಪೆನ್ನು, ಡೇಟು ಮುಗಿದ ಮಾತ್ರಿ, ಯಾವ ಫೋನಿನದು ಅಂತ ಗೊತ್ತಿಲ್ಲದ ಚಾರ್ಜರು, ಮೂರು ವರ್ಷದ ಹಿಂದಿನ ಕ್ಯಾಲೆಂಡರು. ನಿಂತ ಗಡಿಯಾರ ಸೆಲ್ ಹಾಕಿದ್ರ ಓಡ್ತೈತಿ ಅನ್ನೋ ಹಂಗಿದ್ರ ಇವತ್ತೇ ಹಾಕ್ರಿ, ನಾಳಿಗೆ ಅಂದ್ರ ಅದು ಗುಜರಿ ಚೀಲಕ್ಕ. ಇನ್ವರ್ಟರ್ ಹಳೇ ಬ್ಯಾಟರಿ ಗುಜರಿಗೆ ಬ್ಯಾಡ, ಹೊಸಾದು ತಗೋವಾಗ ಡೀಲರ್ ಎಕ್ಸ್‌ಚೇಂಜಿಗೆ ತಗೋತಾರ. ವೈರು, ಪ್ಲಾಸ್ಟಿಕ್ಕು ಹಿತ್ತಲದಾಗ ಸುಡಬ್ಯಾಡ್ರಿ, ಆ ಹೊಗಿ ನಿಮ್ಮ ಮನಿಗೇ ವಾಪಸ್ ಬರ್ತೈತಿ.

ದೇವರ ಹಳೇ ಫೋಟೋ ಎಲ್ಲರಿಗೂ ತೊಡಕು, ಬೇವಿನ ಗಿಡದ ಬುಡಕ್ಕ ಇಟ್ಟು ಬರ್ತಾರ, ಇಲ್ಲಾ ತುಂಗಭದ್ರಾಕ್ಕ ಬಿಡ್ತಾರ. ಅದರ ಬದಲು ಗಾಜು, ಕಟ್ಟು ಬ್ಯಾರೆ ಮಾಡ್ರಿ, ಕಾಗದ ನೀರಾಗ ನೆನೆಸಿ ಮೆತ್ತಗ ಮಾಡಿ ಯಾರೂ ತುಳಿಯದ ಕಡೆ ಗಿಡದ ಬುಡದಾಗ ಮಣ್ಣು ಮುಚ್ಚಿರಿ. ನಮಸ್ಕಾರ ಮಾಡಿ ಮಾಡಿದ್ರ ಮನಸ್ಸಿಗೂ ಸಮಾಧಾನ.

ಕಾಗದ ಪತ್ರ ರದ್ದಿಗೆ ಹಾಕೋವಾಗ ಅವಸರ ಬ್ಯಾಡ. ಪಹಣಿ, ಖಾತಾ, ಖರೀದಿ ಪತ್ರ, ಮನಿ ಕಂದಾಯದ ರಸೀದಿ, ಬ್ಯಾಂಕ್ ಸಾಲ ತೀರಿದ ಪತ್ರ ಇವು ಯಾವತ್ತೂ ಹೋಗಬಾರದು. ಒಂದು ಫೈಲಿನಾಗ ಹಾಕಿ ಬೀರು ಒಳಗ ಇಡ್ರಿ.

ಗೋಣಿ ತುಂಬಿದ ದಿನವೇ ಹೊರಗ ಹೋಗಬೇಕು. ಬಾಗಲ ಪಕ್ಕ ನಾಲ್ಕು ದಿನ ಕುಂತ ಚೀಲ ನಿಧಾನಕ್ಕ ಖಾಲಿ ಆಗಿ ಸಾಮಾನು ತನ್ನ ಜಾಗಕ್ಕ ವಾಪಸ್ ಹೋಗಿರ್ತೈತಿ.

ಹಂತ 3: ತೊಳಿಯೋದು, ರಿಪೇರಿ ಮಾಡಿಸೋದು

ಮ್ಯಾಲಿಂದ ಕೆಳಗ ಬರ್ರಿ: ಫ್ಯಾನು, ಸಜ್ಜಾ, ಕಿಟಕಿ ಜಾಳಗಿ, ಗೋಡಿ, ಕೊನಿಗೆ ನೆಲ. ತೋರಣಗಲ್ಲು, ಸಂಡೂರು, ಬಳ್ಳಾರಿ ಸುತ್ತಲಿನವರಿಗೆ ಅದಿರಿನ ಕೆಂಪು ಧೂಳು ಗೊತ್ತೇ ಐತಿ, ರಾಯಚೂರಿನಾಗ ಶಕ್ತಿನಗರದ ಕಡೆಯವರಿಗೆ ಬೂದಿ. ಈ ಧೂಳು ಒಣ ಕಸಬರಗಿಯಿಂದ ಹೋಗಂಗಿಲ್ಲ, ಎದ್ದು ಇನ್ನೊಂದು ರೂಮಿಗೆ ಹೋಗಿ ಕುಂದರ್ತೈತಿ. ಹಸಿ ಬಟ್ಟಿಲೆ ಒರಸ್ರಿ, ಎರಡು ಬಕೆಟ್ ಇಡ್ರಿ, ಒಂದು ಹಿಂಡಾಕ, ಒಂದು ಅದ್ದಾಕ. ಶಹಾಬಾದ್ ಕಲ್ಲಿನ ನೆಲ ಇದ್ರ ಸಂದಿಯೊಳಗಿನದು ಬ್ರಶ್ಶಿಲೆ ತಿಕ್ಕಬೇಕು. ಕೂಲರ್ ಒಳಗಿನ ಹುಲ್ಲು ಪ್ಯಾಡು ಕೊಳತಿದ್ರ ಕಿತ್ತು ಬಿಸಾಕ್ರಿ, ಸೀಸನ್ ಮುಗಿದ ಕೂಲರ್ ನೀರು ಬಸದು, ಒಣಗಿಸಿ, ಬಟ್ಟಿ ಮುಚ್ಚಿ ಇಡ್ರಿ.

ರಿಪೇರಿ ಚೀಲ ತಗೊಂಡು ಹೊರಗಿನವನ ಹತ್ರ ಹೋಗೋದಿದ್ರ ಅದೇ ವಾರದಾಗ ಹೋಗ್ರಿ. ಹನಿ ಹನಿ ಸೋರೋ ನಲ್ಲಿ ಫೆಂಗ್ ಶೂಯಿನಾಗ ದುಡ್ಡು ಸೋರಿದಂಗ ಅಂತಾರ, ನಮ್ಮಲ್ಲಿ ನೀರು ಸೋರೋದು ಖರೇನೇ ದುಡ್ಡು ಸೋರೋದು, ಅದಕ್ಕ ವಾಶರ್ ಬದಲಾಯಿಸೋದು ಮೊದಲನೇ ಕೆಲಸ ಆಗ್ಲಿ.

ಹಂತ 4: ದಿಕ್ಕು ನೋಡಿ ನಕ್ಷೆ ಹಾಕೋದು

ಇದು ಯಾಕ ನಾಲ್ಕನೇದು ಅಂದ್ರ, ಕಬ್ಬಣದ ಟ್ರಂಕು, ಗ್ಯಾಸ್ ಸಿಲಿಂಡರು, ಸ್ಟೀಲ್ ಬೀರು, ಬೈಕು ಪಕ್ಕ ಇದ್ರ ದಿಕ್ಸೂಚಿ ಮುಳ್ಳು ತಪ್ಪು ತೋರಿಸ್ತೈತಿ. ಸಾಮಾನು ಖಾಲಿ ಮಾಡದೇ ದಿಕ್ಕು ನೋಡಿದವರು ಆಗ್ನೇಯ ಅಂತ ತಿಳ್ಕೊಂಡು ದಕ್ಷಿಣದಾಗ ಗಿಡ ಇಟ್ಟಿರ್ತಾರ. ಸ್ಲ್ಯಾಬಿನ ಸರಳು, ಕಬ್ಬಣದ ಗೇಟು, ಫೋನಿನ ಮ್ಯಾಗ್ನೆಟ್ ಕವರ್ ಇವೂ ಎಳೀತಾವ.

ಫೋನಿನಾಗಿನ ದಿಕ್ಸೂಚಿ ನೋಡೋದಿದ್ರ ಕವರ್ ತಗೀರಿ, ಫೋನನ್ನ ಗಾಳಿಯಾಗ 8 ಅಂಕಿ ಬರಿಯೋ ಹಂಗ ತಿರುಗಿಸ್ರಿ, ಬಾಗಲ ಬೆನ್ನಿಗೆ ಮಾಡಿ ಹೊರಗ ಮುಖ ಮಾಡಿ ನಿಂತು ಅಂಕಿ ಬರಕೊಳ್ರಿ. ಎರಡು ಹೆಜ್ಜಿ ಮುಂದ ಹೋಗಿ ಮತ್ತೊಮ್ಮೆ, ಇನ್ನೆರಡು ಹೆಜ್ಜಿ ಹೋಗಿ ಮತ್ತೊಮ್ಮೆ. ಮೂರೂ ಹತ್ರ ಹತ್ರ ಇದ್ರ ಸರಿ, ಭಾಳ ಫರಕ್ ಬಂದ್ರ ಕಬ್ಬಣ ಎಲ್ಲೋ ಹತ್ರ ಐತಿ, ಇನ್ನೂ ದೂರ ಸರೀರಿ.

ನೋಟ್‌ಬುಕ್ಕಿನಾಗ ಮನಿ ನಕ್ಷೆ ಅಳತಿ ಪ್ರಕಾರ ಬರದು ಅದರ ಮ್ಯಾಲೆ ಮೂರು ಅಡ್ಡ ಮೂರು ಉದ್ದ, ಒಂಬತ್ತು ಮನಿ ಹಾಕ್ರಿ. ಇದಕ್ಕ ಬಾಗುವಾ ಅಂತಾರ. ದಿಕ್ಸೂಚಿ ಪದ್ಧತಿಯಾಗ ಉತ್ತರ ಉದ್ಯೋಗ, ನೀರು. ಈಶಾನ್ಯ ಜ್ಞಾನ, ಮಣ್ಣು. ಪೂರ್ವ ಕುಟುಂಬ, ಮರ. ಆಗ್ನೇಯ ಸಂಪತ್ತು, ಮರ. ದಕ್ಷಿಣ ಹೆಸರು, ಬೆಂಕಿ. ನೈಋತ್ಯ ಸಂಬಂಧ, ಮಣ್ಣು. ಪಶ್ಚಿಮ ಮಕ್ಕಳು, ಲೋಹ. ವಾಯವ್ಯ ಸಹಾಯ ಮಾಡೋ ಮಂದಿ, ಲೋಹ. ನಡುವಿನ ಮನಿ ಆರೋಗ್ಯ, ಮಣ್ಣು.

ಇನ್ನೊಂದು ಪದ್ಧತಿ ಐತಿ, ಲಿನ್ ಯುನ್ ಅನ್ನೋರು ಅಮೆರಿಕಾದಾಗ ಹಬ್ಬಿಸಿದ್ದು. ಅದರಾಗ ದಿಕ್ಸೂಚಿನೇ ಬ್ಯಾಡ, ಬಾಗಲದಾಗ ನಿಂತು ಒಳಗ ನೋಡಿದ್ರ ದೂರದ ಎಡ ಮೂಲಿ ಸಂಪತ್ತು, ದೂರದ ಬಲ ಮೂಲಿ ಸಂಬಂಧ. ಯೂಟ್ಯೂಬಿನಾಗ ಒಂದು ವಿಡಿಯೋ ಈ ಪದ್ಧತಿ, ಇನ್ನೊಂದು ಆ ಪದ್ಧತಿ ಹೇಳ್ತೈತಿ, ನೋಡಿದವರು ಎರಡೂ ಕಲಸಿ ಎರಡು ಸಂಪತ್ತಿನ ಮೂಲಿ ಮಾಡ್ಕೊಂಡು ಕುಂದರ್ತಾರ. ಒಂದೇ ಆರಿಸ್ರಿ. ವಾಸ್ತು ದಿಕ್ಕಿಗೆ ರೂಢಿ ಇರೋ ನಮ್ಮ ಮಂದಿಗೆ ದಿಕ್ಸೂಚಿ ಪದ್ಧತಿನೇ ಹಗುರ ಆಗ್ತೈತಿ.

ಸಂಪತ್ತಿನ ಮೂಲಿಯಾಗೇ ಸಂಡಾಸ ಬಂದೈತಿ ಅಂತ ಹೆದರಿ ಫೋನ್ ಮಾಡೋ ಮಂದಿ ಭಾಳ. ಕಮೋಡಿದ್ರ ಮುಚ್ಚಳ ಹಾಕಿಡ್ರಿ, ಬಾಗಲ ಮುಚ್ಚಿಡ್ರಿ, ನಲ್ಲಿ ಸೋರಬಾರದು, ವಾಸನಿ ಬರಬಾರದು, ಕಿಟಕಿಯಾಗ ಒಂದು ಹಸರು ಗಿಡ. ಅಷ್ಟು ಸಾಕು.

ಹಂತ 5: ಮಂಚ, ಒಲಿ, ಟೇಬಲ್

ಈ ಮೂರಕ್ಕೂ ನಿಯಮ ಒಂದೇ: ಬಾಗಲ ಕಾಣಬೇಕು, ಆದ್ರ ಬಾಗಲದ ನೇರಕ್ಕ ಇರಬಾರದು, ಬೆನ್ನಿಗೆ ಗಟ್ಟಿ ಗೋಡಿ ಇರಬೇಕು.

ಮಂಚ ಬಾಗಲದಿಂದ ಅಡ್ಡ ಮೂಲಿಗೆ ಸರಿಸ್ರಿ. ಕಾಲು ನೇರ ಬಾಗಲಕ್ಕ ಚಾಚೋ ಹಂಗ ಇರಬಾರದು. ಉತ್ತರಕ್ಕ ತಲಿ ಹಾಕಬಾರದು ಅಂತ ನಮ್ಮಲ್ಲಿ ಮೊದಲಿಂದ ಐತಿ, ಅದನ್ನೂ ಬಿಡಬ್ಯಾಡ್ರಿ, ತಲಿ ದಕ್ಷಿಣಕ್ಕೋ ಪೂರ್ವಕ್ಕೋ ಬಂದು ಕಾಲು ಬಾಗಲ ತಪ್ಪಿದ್ರ ಎರಡೂ ಕಡೆ ಸೈ. ಹಳೇ ಜಂತಿ ಮನಿಯವರು ತೊಲಿ ಕೆಳಗ ಮಲಗಬಾರದು ಅನ್ನೋದು ಕೇಳಿ ಗಾಬರಿ ಆಗ್ತಾರ, ಮನಿ ತುಂಬಾ ಜಂತಿನೇ ಅಲ್ಲ. ಒಂದೇ ಅಂತರದಾಗ ಸಾಲಾಗಿ ಇರೋ ಸಣ್ಣ ಜಂತಿ ಬಗ್ಗೆ ತಲಿ ಕೆಡಿಸಿಕೊಳ್ಳಬ್ಯಾಡ್ರಿ, ನಡು ಹಾದು ಹೋಗೋ ದಪ್ಪ ತೊಲಿ ಒಂದು ತಲಿ ಮ್ಯಾಲೋ ಹೊಟ್ಟಿ ಮ್ಯಾಲೋ ಬರದಂಗ ಮಂಚ ಸರಿಸ್ರಿ.

ಸ್ಟೀಲ್ ಬೀರುವಿನ ಬಾಗಲಕ್ಕ ಉದ್ದನ ಕನ್ನಡಿ ಇರ್ತೈತಿ, ಅದು ಬಹುತೇಕ ಮನ್ಯಾಗ ಮಂಚಕ್ಕ ಎದುರೇ. ಮಲಗಿದವರು ಕನ್ನಡಿಯಾಗ ಕಾಣಬಾರದು ಅನ್ನೋದು ಫೆಂಗ್ ಶೂಯಿಯ ಗಟ್ಟಿ ನಿಯಮ. ಬೀರು ತಿರುಗಿಸಾಕ ಜಾಗ ಇಲ್ಲಂದ್ರ ಮ್ಯಾಲೆ ಒಂದು ದಾರ ಕಟ್ಟಿ ರಾತ್ರಿ ಪರದೆ ಬಿಡ್ರಿ. ಬೀರು ಮ್ಯಾಲಿನ ಸೂಟ್‌ಕೇಸು ಇಳಿಸಿ ಬಿಡ್ರಿ, ಮಲಗಿದವರ ಕಣ್ಣಿಗೆ ಭಾರ ಕಾಣಬಾರದು.

ಒಲಿ ಮತ್ತ ಸಿಂಕು ಒತ್ತಿ ಇದ್ರ ನೀರು ಬೆಂಕಿ ಕಾದಾಡ್ತಾವ. ಕಡಪಾ ಕಲ್ಲಿನ ಕಟ್ಟಿ ಒಡಿಯೋದು ಬ್ಯಾಡ, ಒಲಿ ಒಂದೆರಡು ಅಡಿ ಆ ಕಡೆ ಸರಿಸ್ರಿ, ಪೈಪು ಎಳದು ಬಿಗಿ ಆಗದಂಗ ನೋಡ್ಕೊಳ್ರಿ. ಅಷ್ಟೂ ಜಾಗ ಇಲ್ಲಂದ್ರ ನಡು ಒಂದು ಕಟ್ಟಿಗಿ ಹಲಗಿ ಇಡ್ರಿ, ಬೆಂಕಿಗೆ ತಾಗದಷ್ಟು ದೂರ. ಯಾಕ ಕಟ್ಟಿಗಿ ಅಂದ್ರ, ನೀರು ಮರ ಬೆಳಸ್ತೈತಿ, ಮರ ಬೆಂಕಿಗೆ ಉಣಿಸ್ತೈತಿ, ನಡುವ ಮರ ಬಂದ್ರ ಇಬ್ಬರಿಗೂ ರಾಜಿ. ಅಡಗಿ ಮಾಡೋರ ಬೆನ್ನು ಬಾಗಲಕ್ಕ ಇದ್ರ ಒಲಿ ಹಿಂದಿನ ಗೋಡಿಗೆ ಹೊಳಿಯೋ ಸ್ಟೀಲ್ ತಟ್ಟಿ ನಿಲ್ಲಿಸಿದ್ರ ಹಿಂದ ಬಂದವರು ಕಾಣ್ತಾರ.

ಹಂತ 6: ನೀರಿನ ಡ್ರಮ್ಮು

ಹೊರಗಿನ ಫೆಂಗ್ ಶೂಯಿ ಪುಸ್ತಕದಾಗ ಕಾರಂಜಿ, ಮೀನಿನ ತೊಟ್ಟಿ ಅಂತ ಬರೀತಾರ. ನಮ್ಮಲ್ಲಿ ನಲ್ಲಿ ನೀರು ದಿನಾ ಬರಂಗಿಲ್ಲ, ಅದಕ್ಕ ಮನಿ ತುಂಬಾ ಡ್ರಮ್ಮು, ಕೊಡ, ಸಿಂಟೆಕ್ಸು. ಇವನ್ನ ಗಲೀಜು ಅಂತ ತಗದು ಹಾಕೋ ಹಂಗಿಲ್ಲ, ಜಾಗ ಮಾಡಿ ಕೊಡಬೇಕು.

ನಿಂತು ಹಳಸಿದ ನೀರು ಫೆಂಗ್ ಶೂಯಿಗೆ ಆಗೋದಿಲ್ಲ, ಡೆಂಗಿ ಹರಡೋ ಸೊಳ್ಳಿಗೆ ಮಾತ್ರ ಬೇಕು. ಆ ಸೊಳ್ಳಿ ಮುಚ್ಚದ ಸ್ವಚ್ಛ ನೀರಿನಾಗೂ ಮೊಟ್ಟಿ ಇಡ್ತೈತಿ, ಮೊಟ್ಟಿಯಿಂದ ಸೊಳ್ಳಿ ಆಗಾಕ ಹೆಚ್ಚು ಕಮ್ಮಿ 7ರಿಂದ 10 ದಿನ ಸಾಕು. ಅದಕ್ಕ ಡ್ರಮ್ಮಿಗೆ ನಂಬರ್ ಹಾಕ್ರಿ, ಹಳೇ ನೀರು ಮೊದಲು ಬಳಸ್ರಿ, ಖಾಲಿ ಆದದ್ದು ಒಳಗ ತಿಕ್ಕಿ ತೊಳದು ತುಂಬ್ರಿ, ವಾರ ದಾಟಬಾರದು, ಮುಚ್ಚಳ ಬಿಗಿ ಇಲ್ಲಂದ್ರ ಬಟ್ಟಿ ಕಟ್ರಿ.

ಜಾಗ ಉತ್ತರ, ಈಶಾನ್ಯ ಇಲ್ಲಾ ಪೂರ್ವ ಸಿಕ್ರ ಚಲೋ, ದಕ್ಷಿಣ ಬೆಂಕಿಯ ದಿಕ್ಕು, ಅಲ್ಲಿ ಬ್ಯಾಡ. 200 ಲೀಟರಿನ ಡ್ರಮ್ಮು ತುಂಬಿದ್ರ 200 ಕೆಜಿ ಮ್ಯಾಲೆ ತೂಕ, ಹಳೇ ಮಾಳಿಗಿ ಮ್ಯಾಲೆ ಸಾಲಾಗಿ ನಿಲ್ಲಿಸಬ್ಯಾಡ್ರಿ.

ಹಂತ 7: ಬಣ್ಣ, ಗಿಡ, ಐದು ಧಾತು

ಇದು ಲಗೂನ ಮುಗೀತೈತಿ. ನೀರು ಮರಕ್ಕ, ಮರ ಬೆಂಕಿಗೆ, ಬೆಂಕಿ ಮಣ್ಣಿಗೆ, ಮಣ್ಣು ಲೋಹಕ್ಕ, ಲೋಹ ನೀರಿಗೆ ಬಲ ಕೊಡ್ತಾವ. ನೀರು ಬೆಂಕಿ ಆರಸ್ತೈತಿ, ಬೆಂಕಿ ಲೋಹ ಕರಗಿಸ್ತೈತಿ, ಲೋಹ ಮರ ಕಡೀತೈತಿ, ಮರ ಮಣ್ಣು ಸೀಳ್ತೈತಿ, ಮಣ್ಣು ನೀರು ತಡೀತೈತಿ. ಯಾವ ಮೂಲಿಗೆ ಏನು ಅನ್ನೋದು ನಾಲ್ಕನೇ ಹಂತದ ಪಟ್ಟಿ ನೋಡಿ ಇಡ್ರಿ, ಒಂದು ಮೂಲಿಗೆ ಒಂದೇ ವಸ್ತು ಸಾಕು.

ಮರದ ಮೂಲಿಗೆ ಪ್ಲಾಸ್ಟಿಕ್ ಹೂವು ಬ್ಯಾಡ. ಕೊಪ್ಪಳದ ಹತ್ರ ಕಿನ್ನಾಳದಾಗ ಹಗುರ ಕಟ್ಟಿಗಿಯ ಬಣ್ಣದ ಗೊಂಬಿ ಮಾಡ್ತಾರ, ಪೂರ್ವಕ್ಕೋ ಆಗ್ನೇಯಕ್ಕೋ ಅಂಥದ್ದು ಒಂದು ಇಡ್ರಿ, ಕೈ ಕೆಲಸದವರಿಗೂ ನಾಲ್ಕು ದುಡ್ಡು. ಮನಿ ಪ್ಲಾಂಟು ಪಶ್ಚಿಮ ಕಿಟಕಿಯಾಗ ಇಟ್ರ ಬ್ಯಾಸಗಿಗೆ ಸುಟ್ಟು ಹೋಗ್ತೈತಿ, ಒಳಗಿನ ನೆರಳಿಗೆ ಇಡ್ರಿ. ಲಕ್ಕಿ ಬಾಂಬೂ ಅಂತ ಮಾರೋದು ಬಿದಿರಲ್ಲ, ಡ್ರಸೀನಾ ಜಾತಿ ಗಿಡ, ವಾರಕ್ಕೊಮ್ಮೆ ನೀರು ಬದಲಾಯಿಸಬೇಕು. ಹಳದಿ ಆಗಿದ್ರ ಇಟ್ಕೊಂಡು ಕುಂದರಬ್ಯಾಡ್ರಿ. ಮುಳ್ಳಿನ ಗಿಡ ಮನಿ ಒಳಗ ಬ್ಯಾಡ, ಹೊರಗ ಕಂಪೌಂಡ್ ಮ್ಯಾಲೆ ಇರ್ಲಿ.

ಹಂತ 8: ಅಂಗಡಿ, ಆಫೀಸು

ಗಂಗಾವತಿ, ಸಿಂಧನೂರು ಕಡೆಯ ಅಡತಿ ಅಂಗಡಿ ಯಾವುದಾದ್ರೂ ಕಣ್ಣ ಮುಂದ ತಂದ್ಕೊಳ್ರಿ. ಮಾಲಕರ ಬೆನ್ನು ರಸ್ತಾಕ್ಕ, ಮುಖ ಗೋಡಿಗೆ. ಟೇಬಲ್ ಗಾಜಿನ ಕೆಳಗ ಬಣ್ಣ ಹಾರಿದ ವಿಸಿಟಿಂಗ್ ಕಾರ್ಡು, ನಡುವ ದೇವರ ಸಣ್ಣ ಫೋಟೋ, ಅದರ ಮ್ಯಾಲೆ ಚಹಾ ಕಪ್ಪಿನ ಉಂಗುರದ ಕಲಿ. ಮೊದಲನೇ ಡ್ರಾಯರ್ ಎಳದ್ರ ಅರ್ಧಕ್ಕ ನಿಲ್ಲತೈತಿ, ಒಳಗ ತೂಕದ ಚೀಟಿ ಕಟ್ಟು, ಒಣಗಿದ ಸ್ಟ್ಯಾಂಪ್ ಪ್ಯಾಡು, ಭತ್ತದ ಸ್ಯಾಂಪಲ್ಲಿನ ಕಾಗದದ ಪೊಟ್ಟಣ, ಅದಕ್ಕ ಹುಳ ಬಿದ್ದು ಪುಡಿ ಉದುರಿರ್ತೈತಿ.

ಶುರು ಆ ಡ್ರಾಯರಿನಿಂದ ಮಾಡ್ರಿ. ಪೂರ್ತಿ ಹೊರಗ ಎಳದು, ಬೋರಲು ಹಾಕಿ, ಒರಸಿ, ದಿನಾ ಕೈಗೆ ಬೇಕಾದ್ದು ಅಷ್ಟೇ ವಾಪಸ್ ಇಡ್ರಿ. ಗಾಜು ಎತ್ತಿ ಕೆಳಗಿನ ಕಾರ್ಡಿನ ನಂಬರ್ ಫೋನಿಗೆ ಹಾಕ್ಕೊಂಡು ತಗೀರಿ. ಆಮ್ಯಾಲೆ ಟೇಬಲ್ ತಿರುಗಿಸ್ರಿ, ಬೆನ್ನಿಗೆ ಗೋಡಿ, ಎದುರಿಗೆ ಬಾಗಲ, ಬಂದ ರೈತರ ಮುಖ ಕಾಣಬೇಕು. ಗಲ್ಲಾ ರಸ್ತಾದಿಂದ ನೇರ ಕಾಣಬಾರದು.

ಹಳೇ ಬಿಲ್ಲು ರದ್ದಿಗೆ ಹಾಕೋಕಿಂತ ಮೊದಲು ನಿಮ್ಮ ಲೆಕ್ಕ ನೋಡೋರನ್ನ ಕೇಳ್ರಿ. ಜಿಎಸ್‌ಟಿ ಲೆಕ್ಕ ಪತ್ರ ಆ ವರ್ಷದ ವಾರ್ಷಿಕ ರಿಟರ್ನಿನ ಕೊನೇ ದಿನದಿಂದ 72 ತಿಂಗಳು ಇಡಬೇಕು, ಕೇಸು ನಡದಿದ್ರ ಇನ್ನೂ ಹೆಚ್ಚು. ವರ್ಷ ಬರದು ಗಂಟು ಕಟ್ಟಿ ಟೇಬಲಿನಿಂದ ದೂರದ ರ‍್ಯಾಕಿನಾಗ ಇಡ್ರಿ, ಕಾಲ ಕೆಳಗ ಬ್ಯಾಡ.

ಬಳ್ಳಾರಿಯ ಜೀನ್ಸ್ ಯೂನಿಟ್ಟಿನವರಿಗೆ ಫೆಂಗ್ ಶೂಯಿಯ ಮೊದಲ ಪಾಠ ದಾರಿ ಖಾಲಿ ಇಡೋದು. ಮಷಿನ್ ಸಾಲಿನ ನಡುವ ಕಟ್ ಪೀಸು, ದಾರದ ಗುಡ್ಡಿ ಬಿದ್ರ ಚೀ ನಿಲ್ಲತೈತಿ ಅನ್ನೋದು ಒಂದು ಕಡೆ ಇರ್ಲಿ, ಬೆಂಕಿ ಬಿದ್ರ ಓಡಾಕ ದಾರಿ ಇರಂಗಿಲ್ಲ. ಹಿಂದಿನ ಬಾಗಲಕ್ಕ ಬಂಡಲ್ ಒತ್ತಿ ಇಟ್ಟಿದ್ರ ಇವತ್ತೇ ತಗೀರಿ.

ಹಂತ 9: ಗೊಂಬಿ, ಗಂಟಿ, ನಾಣ್ಯ

ಇಷ್ಟೆಲ್ಲಾ ಆದ ಮ್ಯಾಲೆ ಒಂದು ತಿಂಗಳ ಆ ಮನ್ಯಾಗ ಹಂಗೇ ಇದ್ದು ನೋಡ್ರಿ. ಇನ್ನೂ ಯಾವುದೋ ಮೂಲಿ ಖಾಲಿ ಖಾಲಿ ಅನಸಿದ್ರ ಮಾತ್ರ ತರ್ರಿ. ನಗೋ ಬುದ್ಧ ನೆಲದ ಮ್ಯಾಲೆ, ಮಲಗೋ ಕೋಣಿಯಾಗ, ಬಚ್ಚಲ ಕಡೆ ಇಡಬಾರದು, ಬಾಗಲ ಕಡೆ ಮುಖ ಮಾಡಿ ಎತ್ತರಕ್ಕ ಇಡ್ತಾರ. ಕಪ್ಪಿ ಮುಖ ಒಳಗ ಇರ್ಲಿ. ಲೋಹದ ಗಂಟಿ ಪಶ್ಚಿಮ, ವಾಯವ್ಯಕ್ಕ, ಲೋಹ ಮರ ಕಡೀತೈತಿ ಅಂತ ಪೂರ್ವಕ್ಕ ಬ್ಯಾಡ. ನಮ್ಮ ದೇವರ ಜೊತಿ ಒಂದೇ ಜಗಲಿ ಮ್ಯಾಲೆ ಇವನ್ನ ಕೂಡಿಸಬ್ಯಾಡ್ರಿ.

ಕೆಲಸ ದಾರಿ ತಪ್ಪೈತಿ ಅನ್ನೋ ಗುರುತು

ಎಲ್ಲಾ ರೂಮು ಹಸನಾಗಿ ಒಂದು ರೂಮಿನ ಬಾಗಲ ಮಾತ್ರ ತಗಿಯಾಕ ಬರವಲ್ದು ಅಂದ್ರ ನೀವು ಸಾಮಾನು ಹೊರಗ ಹಾಕಿಲ್ಲ, ಸರಿಸೀರಿ ಅಷ್ಟೇ. ಎರಡನೇ ಹಂತಕ್ಕ ವಾಪಸ್ ಹೋಗ್ರಿ. ಹೊಸ ಡಬ್ಬಿ ತರಾಕ ಮನಸ್ಸಾದ್ರ ಅದೂ ಅದೇ ಗುರುತು. ಮನ್ಯಾಗ ಯಾರಾದ್ರೂ ನನ್ನ ಸಾಮಾನು ಎಲ್ಲಿ ಅಂತ ದಿನಾ ಹುಡುಕಾಕ ಹತ್ತಿದ್ರ ಜಾಗ ಅವರನ್ನ ಕೇಳದೇ ಬದಲಾಯಿಸೀರಿ. ಮಂಚ ಸರಿಸಿದ ಮ್ಯಾಲೆ ವಾರಗಟ್ಟಲೆ ನಿದ್ದಿ ಹತ್ತವಲ್ದು ಅಂದ್ರ ಪುಸ್ತಕ ಏನೇ ಹೇಳ್ಲಿ, ಹಳೇ ಜಾಗಕ್ಕ ಹಾಕ್ರಿ. ಗೋಡಿಯಾಗ ತೇವ, ಬೂಷ್ಟು ಕಂಡ್ರ ಅದಕ್ಕ ಧಾತು ಹುಡುಕಬ್ಯಾಡ್ರಿ, ಪ್ಲಂಬರನ್ನ ಕರೀರಿ.

ದುಡ್ಡು ಕೊಟ್ಟು ಸಲಹೆಗಾರರನ್ನ ಕರೆಸೋದಿದ್ರ ನೀವು ಹಾಕಿದ ನಕ್ಷೆ, ಮೂರು ಸಲ ನೋಡಿದ ದಿಕ್ಕಿನ ಅಂಕಿ ಕೈಯಾಗ ಇಟ್ಕೊಳ್ರಿ. ಮನಿ ತಿರುಗಿ ನೋಡದೇ ಫೋನಿನಾಗೇ ದೋಷ ಹೇಳೋರು, ಮೊದಲನೇ ಭೇಟಿಗೇ ಗೋಡಿ ಒಡೀರಿ ಅನ್ನೋರು, ಚೀಲದಾಗಿಂದ ತಾವೇ ಗೊಂಬಿ ತಗದು ರೇಟು ಹೇಳೋರು, ಮನಿಯಾಗಿನ ಜಡ್ಡಿಗೆ ಮಾತ್ರಿ ಬಿಟ್ಟು ಹರಳು ಕಟ್ರಿ ಅನ್ನೋರು, ಈ ನಾಲ್ಕು ತರದವರಿಗೆ ಚಹಾ ಕುಡಿಸಿ ಕಳಸ್ರಿ, ಅಡ್ವಾನ್ಸ್ ಕೊಡಬ್ಯಾಡ್ರಿ.